ಹೊಸ್ತಿಲ ತನಕ

ಬೆಳಗಿನ ಡ್ಯೂಟಿಗೆ ಬಂದು ಕೈ ತೊಳೆಯುತ್ತಿದ್ದೆ. ರಾತ್ರಿ ಪಾಳಿಯ ಸಿಸ್ಟರ್ ಹತ್ತಿರ ಬಂದು, ಕಿಟಕಿ ಪಕ್ಕದ ಮಂಚದ ಹುಡುಗಿಯ ಲೈನು ಕಟ್ಟಿಕೊಂಡಿದೆ ಎಂದಳು. ಆ ದಿನ ಶುರುವಾದದ್ದೇ ಹಾಗೆ.

ನಮ್ಮದು ಕ್ಯಾನ್ಸರ್ ಮಕ್ಕಳ ವಾರ್ಡು. ಲೈನು ಎಂದರೆ ಕುತ್ತಿಗೆಯ ಕೆಳಗೆ ದೊಡ್ಡ ರಕ್ತನಾಳದೊಳಕ್ಕೆ ಇಳಿಸಿಟ್ಟ ತೆಳ್ಳನೆಯ ಕೊಳವೆ. ಔಷಧಿ, ರಕ್ತ, ಪ್ಲೇಟ್‌ಲೆಟ್ ಎಲ್ಲ ಅದರಲ್ಲೇ ಹೋಗಬೇಕು, ಪರೀಕ್ಷೆಗೆ ರಕ್ತ ತೆಗೆಯುವುದೂ ಅದರಲ್ಲೇ. ಅದು ಕೈಕೊಟ್ಟರೆ ಮಗುವಿಗೆ ಮತ್ತೆ ಮತ್ತೆ ಸೂಜಿ ಚುಚ್ಚಬೇಕಾಗುತ್ತದೆ. ಈ ಹುಡುಗಿಗೆ ಚುಚ್ಚುವ ಹಾಗೇ ಇರಲಿಲ್ಲ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಎಷ್ಟು ಇಳಿದಿತ್ತೆಂದರೆ, ಬಿಪಿ ಪಟ್ಟಿ ಕಟ್ಟಿದ ಕಡೆಯೆಲ್ಲ ಚರ್ಮದ ಕೆಳಗೆ ನೇರಳೆ ಚುಕ್ಕೆ ಏಳುತ್ತಿದ್ದವು.

ಅವಳಿಗೆ ಏಳು ವರ್ಷ. ರಾಯದುರ್ಗದಾಚೆ ಗುಮ್ಮಘಟ್ಟ ಕಡೆಯ ಒಂದು ಹಳ್ಳಿಯವಳು. ರಕ್ತದ ಕ್ಯಾನ್ಸರ್ ಒಮ್ಮೆ ಹೋಗಿ ತಿರುಗಿ ಬಂದಿತ್ತು. ಎರಡನೇ ಸಲದ ಔಷಧಿ ಯಾವುದೂ ನಾಟಲಿಲ್ಲ. ಈಗ ಶ್ವಾಸಕೋಶಕ್ಕೂ ಸೋಂಕು. ಇನ್ನು ಗುಣವಾಗುವ ಮಾತಿಲ್ಲ, ನೋವಿಲ್ಲದ ಹಾಗೆ ನೋಡಿಕೊಳ್ಳುವುದಷ್ಟೇ ಎಂದು ಡಾಕ್ಟರು ತಾಯಿಗೆ ತೆಲುಗಿನಲ್ಲಿ ಹೇಳಿದಾಗ ನಾನು ಪಕ್ಕದಲ್ಲೇ ಕೂತಿದ್ದೆ. ಡಾಕ್ಟರು ಎದ್ದು ಹೋದ ಮೇಲೆ ಅದನ್ನೇ ಕನ್ನಡದಲ್ಲಿ ಬಿಡಿಸಿ ಹೇಳಿದವಳೂ ನಾನೇ. ಉಸಿರು ನಿಂತಾಗ ಎದೆ ಒತ್ತುವುದಿಲ್ಲ, ಗಂಟಲಿಗೆ ಕೊಳವೆ ಹಾಕುವುದಿಲ್ಲ, ಆಂಬು ಹಿಡಿಯುವುದಿಲ್ಲ ಎಂದೆ. ಆಂಬು ಎಂದರೆ ಮೂಗು ಬಾಯಿ ಮುಚ್ಚುವ ಮಾಸ್ಕಿಗೆ ಕೂಡಿಸಿದ ರಬ್ಬರು ಚೀಲ, ಕೈಯಲ್ಲಿ ಹಿಸುಕಿದರೆ ಎದೆಯೊಳಕ್ಕೆ ಗಾಳಿ ಹೋಗುತ್ತದೆ. ಅದನ್ನು ತೋರಿಸಿಯೇ ಹೇಳಿದ್ದೆ. ತಾಯಿ ಎಲ್ಲಕ್ಕೂ ತಲೆಯಾಡಿಸಿ ಒಂದೇ ಮಾತು ಕೇಳಿದಳು.

"ಮನಿಗೆ ಯಾವಾಗ ಕಳಸ್ತೀರ್ರಿ?"

ಎಲ್ಲ ತಾಯಂದಿರೂ ಕೇಳುವ ಮಾತು ಅದು. ನಾನು ಅದಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಪ್ಲೇಟ್‌ಲೆಟ್ ಏರಿಸಿಕೊಂಡು ಕಳಿಸೋಣ ಎಂದು ಸಮಾಧಾನ ಹೇಳಿ ಬಿಟ್ಟಿದ್ದೆ.

ಲೈನು ಬಿಡಿಸುವ ಕೆಲಸಕ್ಕೆ ತಾಳ್ಮೆ ಬೇಕು. ಸಿರಿಂಜಿನಲ್ಲಿ ಸಲೈನ್ ತುಂಬಿಕೊಂಡು ಕೊಳವೆಯ ಬಾಯಿಗೆ ಕೂಡಿಸಿ, ಮೆಲ್ಲಗೆ ಎಳೆಯಬೇಕು, ಬಿಡಬೇಕು, ಮತ್ತೆ ಎಳೆಯಬೇಕು. ಬಲವಂತ ಮಾಡಿದರೆ ಒಳಗಿನ ಹೆಪ್ಪು ಕಿತ್ತುಕೊಂಡು ರಕ್ತದಲ್ಲಿ ಸೇರಿಬಿಡುತ್ತದೆ. ಕೈ ಮೇಲೆತ್ತಿಸಿದೆ, ತಲೆ ಆ ಕಡೆ ತಿರುಗಿಸಿದೆ, ಕೆಮ್ಮು ಎಂದೆ. ಕೆಮ್ಮಲು ಅವಳಲ್ಲಿ ಶಕ್ತಿಯಿರಲಿಲ್ಲ. ಆದರೂ ಕಣ್ಣು ಬಿಟ್ಟು ನೋಡಿ, "ಪ್ಲಾಸ್ಟರ್ ನಾ ಹರಿತೀನಿ" ಎಂದಳು. ಅದು ಅವಳ ಹಕ್ಕಿನ ಕೆಲಸ. ಪ್ಲಾಸ್ಟರಿನ ಸುರುಳಿ ಕೈಗೆ ಕೊಟ್ಟರೆ ಬೆರಳುದ್ದದ ತುಂಡು ಹರಿದು ಹರಿದು ಮಂಚದ ಕಂಬಿಗೆ ಅಂಟಿಸುತ್ತಿದ್ದಳು. ನಾನು ಅಲ್ಲಿಂದಲೇ ತೆಗೆದುಕೊಳ್ಳಬೇಕು. ಬೇರೆ ತುಂಡು ಬಳಸಿದರೆ ಮುಖ ಊದಿಸುವಳು.

"ಸುಮ್ಕಿರಮ್ಮಿ, ಕೈ ಅಲ್ಲಾಡಿಸ್ಬ್ಯಾಡ" ಎಂದೆ. ನಾನು ಮಡಕಶಿರಾ ಕಡೆಯವಳು, ರೊಳ್ಳದ ಹತ್ತಿರ ನಮ್ಮೂರು. ಬಾಯಿ ಬಿಟ್ಟರೆ ನಮ್ಮ ಕಡೆಯ ಮಾತೇ ಬರುತ್ತದೆ.

"ಸುಮ್ಕಿರಮ್ಮಿ ಅಂತ" ಎಂದು ಅವಳು ಮೆಲ್ಲಗೆ ಅಣಕಿಸಿ ತಾಯಿಯತ್ತ ನೋಡಿ ತುಟಿ ಅರಳಿಸಿದಳು. ವಸಡಿನಲ್ಲಿ ರಕ್ತ ಕಟ್ಟಿ ಹಲ್ಲೆಲ್ಲ ಕಪ್ಪಾಗಿದ್ದವು.

ಲೈನು ಬಿಡಲಿಲ್ಲ. ಹೆಪ್ಪು ಕರಗಿಸುವ ಔಷಧಿಯನ್ನು ರಕ್ತ ಸೋರುವ ಮಗುವಿಗೆ ಕೊಡುವ ಹಾಗಿರಲಿಲ್ಲ. ನೋವಿಗೆ ಕೊಡುವ ಮಾರ್ಫಿನ್‌ನ ಹೊತ್ತು ಮೀರುತ್ತಿತ್ತು, ಅವಳು ಮೊಣಕಾಲು ಮಡಚಿಕೊಳ್ಳತೊಡಗಿದ್ದಳು. ಕೊನೆಗೆ ತೋಳಿನ ಹೊರಭಾಗದಲ್ಲಿ ಚರ್ಮವನ್ನು ಚಿವುಟಿ ಹಿಡಿದು, ಅತಿ ಸಣ್ಣ ಸೂಜಿಯನ್ನು ಚರ್ಮದ ಕೆಳಗಷ್ಟೇ ಕೂರಿಸಿ, ಬಹಳ ಹೊತ್ತು ಒತ್ತಿ ಹಿಡಿದೆ. ಅವಳು ಹರಿದ ತುಂಡುಗಳಿಂದಲೇ ಅಂಟಿಸಿದೆ. ಔಷಧಿ ಅದರಲ್ಲಿ ನಿಧಾನವಾಗಿ ಇಳಿಯಿತು, ಮೊಣಕಾಲು ಸಡಿಲವಾಯಿತು.

ಟ್ರೇ ಎತ್ತಿಕೊಂಡು ಒಳಗಿನ ಕೋಣೆಗೆ ಹೋದರೆ ತಾಯಿ ಹಿಂದೆಯೇ ಬಂದಳು. ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಕಡೆ ದಾರ ಕತ್ತರಿಸುವ ಕೆಲಸ ಅವಳದು. ತಿಂಗಳುಗಟ್ಟಲೆ ಕೆಲಸ ಬಿಟ್ಟು ನಮ್ಮ ವಾರ್ಡಿನ ನೆಲದ ಮೇಲೆ ಮಲಗಿದವಳು. ಎಂದೂ ದನಿ ಎತ್ತಿದವಳಲ್ಲ.

"ಇವತ್ತ ಕಳಸ್ರಿ ಅಕ್ಕಾ" ಎಂದಳು.

"ಯಾಕಮ್ಮ ಇಂಗೆ ಅವಸ್ರ ಮಾಡ್ತೀಯ? ಪ್ಲೇಟ್‌ಲೆಟ್ ಬರ್ಲಿ ತಡಿ. ದಾರೀಲಿ ರಕ್ತ ಕಿತ್ಕೊಂಡ್ರೆ ನಿನ್ನ ಕಣ್ಣಲ್ಲಿ ನೋಡಕ್ಕಾಗಲ್ಲ."

"ಇಲ್ಲೇ ಜೀವ ಹೋದ್ರ ಮನಿಯಾಗ ಬಿಟ್ಕಳಾದಿಲ್ರಿ."

ಊರ ಹೊರಗೆ ಸತ್ತವರನ್ನು ಊರೊಳಕ್ಕೆ ತರುವ ಹಾಗಿಲ್ಲ, ಹೆಣ ಹೊರಗಿನಿಂದ ಹೊಸ್ತಿಲು ದಾಟಿದರೆ ಊರಿಗೆ ಕೇಡು ಎಂಬ ನಂಬಿಕೆ. ನನಗೆ ಗೊತ್ತಿಲ್ಲದ್ದೇನಲ್ಲ, ನಮ್ಮ ಕಡೆಯೂ ಇದೆ. ಆದರೆ ಅವಳು ಹೇಳಿದ್ದು ಬರಿ ಕಟ್ಟುಪಾಡಿನ ಮಾತಾಗಿರಲಿಲ್ಲ. ಅವಳ ಗಂಡ ಬೋರ್‌ವೆಲ್ ಲಾರಿಯ ಮೇಲೆ ಕೆಲಸಕ್ಕೆ ಹೋಗಿ, ಎಲ್ಲೋ ದೂರದಲ್ಲಿ ಪೈಪು ಬಿದ್ದು ಸತ್ತಿದ್ದ. ಹೆಣ ಬಂದಾಗ ಊರ ಮುಂದಿನ ಬೇವಿನ ಮರದ ಕೆಳಗೇ ಇಳಿಸಿದರು. ಅಲ್ಲೇ ನೀರು ಹಾಕಿ, ಅಲ್ಲಿಂದಲೇ ಎತ್ತಿಕೊಂಡು ಹೋದರು. ಮನೆ ಕೂಗಳತೆಯಲ್ಲಿತ್ತು.

"ಆಕಿಗೆ ಆವಾಗ ಮೂರು ವರ್ಷರಿ. ಅಪ್ಪ ಯಾಕ ಒಳಗ ಬರಲಿಲ್ಲ ಅಂತ ಈಗೂ ಕೇಳ್ತಾಳ. ಈಕಿನೂ ಹಂಗ ಹೊರಗ ಮಲಗಿಸಿದ್ರ ನಾ ಆ ಮನ್ಯಾಗ ಹೆಂಗ ಇರ್ಲಿ?"

"ತಡೆದವರು ಯಾರು?"

"ನಮ್ಮ ಮಾವನರಿ. ಊರಾಗ ಅವ್ರ ಮಾತ ನಡಿಯಾದು. ಸ್ವಂತ ಮಗನ್ನ ಬಿಡಲಿಲ್ಲ, ಇನ್ನ ಮೊಮ್ಮಗಳನ್ನ ಬಿಡ್ತಾರೇನ್ರಿ?"

ನನಗೆ ಸಿಟ್ಟು ನೆತ್ತಿಗೇರಿತು. ಅವಳ ಫೋನಿನಿಂದಲೇ ಆ ಅಜ್ಜನಿಗೆ ಹಚ್ಚಿದೆ. ಕುರಿಗಳ ಅರಚಾಟದ ನಡುವೆ ಅವನ ದನಿ ಕೇಳಿಸಿತು. ಮಗುವಿನ ಸ್ಥಿತಿ ಹೇಳಿದೆ. ದಾರಿಯಲ್ಲೇ ಹೆಚ್ಚುಕಮ್ಮಿಯಾದರೂ ಮನೆಯೊಳಗೆ ಕರೆದುಕೊಳ್ಳಬೇಕು ಎಂದೆ.

"ನಾ ಒಬ್ಬ ಮಾಡಿದ್ದಲ್ಲ ತಾಯಿ, ಊರಿನ ಕಟ್ಟು ಅದು. ಉಸಿರಿದ್ರ ಕರ್ಕಂಡು ಬರ್ರಿ. ಇಲ್ಲಂದ್ರ ಹೊಲದಾಗ ಗುಣಿ ತೆಗಸ್ತೀವಿ" ಎಂದ.

"ಇನ್ನೂ ಜೀವ ಇರೋ ಮಗೀಗೆ ಗುಣಿ ಮಾತಾಡ್ತೀರಲ್ಲ ಯಜಮಾನ್ರೇ, ನಿಮ್ಗೆ ಕರುಳು ಅನ್ನೋದು ಐತಾ?" ಎಂದುಬಿಟ್ಟೆ.

ಆ ಕಡೆ ಅವನು ಯಾವುದೋ ಕುರಿಯನ್ನು ಗದರಿದ್ದು ಕೇಳಿಸಿತು. ಆಮೇಲೆ, "ಬೈಯವ್ವ, ಬೈಸ್ಕಳ್ಳಾಕ ಇದ್ದೀನಿ" ಎಂದು ಫೋನಿಟ್ಟ. ಕಲ್ಲು ಮುದುಕ ಎಂದು ಬೈದುಕೊಂಡೆ.

ಡಾಕ್ಟರು ತೆಲುಗಿನವರು, ನಮ್ಮ ಮಾತೆಲ್ಲ ತೆಲುಗಿನಲ್ಲೇ. ಪ್ಲೇಟ್‌ಲೆಟ್ ಮಧ್ಯಾಹ್ನಕ್ಕೆ ಬರುತ್ತದೆ, ಹೇಗಾದರೂ ಒಂದು ನಾಳ ಹುಡುಕಿ ಏರಿಸಿ ನಾಳೆ ಬೆಳಿಗ್ಗೆ ಕಳಿಸೋಣ ಎಂದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಪ್ಲೇಟ್‌ಲೆಟ್ ಇಲ್ಲದೆ ಆ ರಸ್ತೆಯಲ್ಲಿ ಕುಲುಕಾಡಿಕೊಂಡು ಹೋದರೆ ಮೂಗು, ಬಾಯಿ, ಕೊನೆಗೆ ಮೆದುಳಿನಲ್ಲೂ ರಕ್ತ ಸೋರಬಹುದು. ನಾನು ಹುಡುಗಿಯ ಮಂಚದ ಹತ್ತಿರ ಹೋಗಿ ಸುಮ್ಮನೆ ನಿಂತು ಎದೆ ನೋಡಿದೆ. ಪ್ರತಿ ಉಸಿರಿಗೂ ಮೂಗಿನ ಹೊಳ್ಳೆ ಅರಳುತ್ತಿತ್ತು, ಪಕ್ಕೆಲುಬಿನ ಸಂದು ಒಳಗೆ ಎಳೆದುಕೊಳ್ಳುತ್ತಿತ್ತು, ಬೆರಳ ತುದಿ ತಣ್ಣಗಿತ್ತು. ತಿರುಗಿ ಬಂದು, "ನಾಳೆ ಬೆಳಿಗ್ಗೆ ಇರಲ್ಲ ಸಾರ್" ಎಂದೆ. ಅವರು ತಾವೇ ಹೋಗಿ ನೋಡಿ ಬಂದರು. ಜೊತೆಗೆ ಒಬ್ಬ ನರ್ಸು ಹೋಗುವುದಾದರೆ ಕಳಿಸುತ್ತೇನೆ, ಇಲ್ಲದಿದ್ದರೆ ಆಗದು ಎಂದರು.

"ನಾನ್ ಹೋಗ್ತೀನಿ."

ನಮ್ಮ ಹೆಡ್ ಸಿಸ್ಟರ್ ಕನ್ನಡಕದ ಮೇಲಿಂದ ನೋಡಿ, "ನಿನ್ನ ಮಂಚಗಳನ್ನ ನಾನು ತಲೆ ಮೇಲೆ ಹೊತ್ಕೊಂಡು ತಿರುಗ್ಲಾ?" ಎಂದರು. ರಾತ್ರಿ ಪಾಳಿಯವಳು ಕಣ್ಣುಜ್ಜಿಕೊಂಡು ತಾನೇ ನಿಲ್ಲುತ್ತೇನೆ ಎಂದಳು. ಹೆಡ್ ಸಿಸ್ಟರ್ ಗೊಣಗುತ್ತಲೇ ಪೆಟ್ಟಿಗೆ ತುಂಬಿಕೊಟ್ಟರು. ಮಾರ್ಫಿನ್, ತಳಮಳಿಸಿದರೆ ಮಂಪರು ತರುವ ಚುಚ್ಚುಮದ್ದು, ವಸಡಿಗೆ ಒತ್ತುವ ಔಷಧಿ, ಹತ್ತಿ. ಮೇಲೆ ಕಡುಕೆಂಪು ಟವೆಲುಗಳು. ಬಿಳಿ ಬಟ್ಟೆಯ ಮೇಲೆ ರಕ್ತ ಕಂಡರೆ ಮಗುವೂ ಹೆದರುತ್ತದೆ, ತಾಯಿಯೂ ಹೆದರುತ್ತಾಳೆ. ಕಡುಕೆಂಪಿನಲ್ಲಿ ಬರಿ ಒದ್ದೆ ಕಾಣುತ್ತದೆ. ಕೊನೆಗೆ ಆಂಬು ಚೀಲವನ್ನೂ ಒಳಗಿಟ್ಟರು.

"ಅದು ಬೇಡ ಅಂತ ತೀರ್ಮಾನ ಆಗೈತಲ್ಲ ಸಿಸ್ಟರ್" ಎಂದೆ.

"ಗಾಡೀಲಿ ಇರಬೇಕಾದ ಸಾಮಾನು, ಇರ್ಲಿ ಬಿಡೆ" ಎಂದರು.

ಸ್ಟ್ರೆಚರಿನಲ್ಲಿ ಹೊರಡುವಾಗ ಹುಡುಗಿ ಎಲ್ಲ ಮಂಚಗಳ ಕಡೆ ನೋಡಿ, ಕೇಳಿಸಿತೋ ಇಲ್ಲವೋ ಎಂಬಷ್ಟು ಸಣ್ಣ ದನಿಯಲ್ಲಿ "ಬರ್ತೀನಿ" ಎಂದಳು. ಬೆಳುಗುಪ್ಪದ ಕಡೆಯ ಒಬ್ಬ ತಾಯಿ ತನ್ನ ಮಗನ ಕಣ್ಣಿಗೆ ಕೈ ಅಡ್ಡ ಹಿಡಿದು ಗೋಡೆಯ ಕಡೆ ತಿರುಗಿಸಿಕೊಂಡಳು. ಮಿಕ್ಕವರು "ಹೋಗಿ ಬಾರವ್ವ" ಎಂದರು. ಪ್ಲಾಸ್ಟರಿನ ಸುರುಳಿ ಅವಳ ಕೈಯಲ್ಲೇ ಇತ್ತು.

ಆಂಬುಲೆನ್ಸಿನಲ್ಲಿ ಕಲ್ಯಾಣದುರ್ಗದ ತನಕ ಎಲ್ಲ ಸುಸೂತ್ರ. ತಾಯಿ ತಲೆದೆಸೆಯಲ್ಲಿ, ನಾನು ಪಕ್ಕದಲ್ಲಿ. ಊರು ದಾಟುತ್ತಿದ್ದ ಹಾಗೆ ಆಕ್ಸಿಜನ್ ಸಿಲಿಂಡರಿನ ಮುಳ್ಳು ಇರಬೇಕಾದ್ದಕ್ಕಿಂತ ಬಹಳ ಕೆಳಗೆ ಬಂದಿದ್ದು ಕಂಡಿತು. ಕಿವಿಗೊಟ್ಟರೆ ಅದರ ಕತ್ತಿನ ಹತ್ತಿರ ಸುಯ್ ಎನ್ನುವ ಸದ್ದು. ವಾಷರು ಸವೆದು ಆಕ್ಸಿಜನ್ ಸೋರುತ್ತಿತ್ತು. ಗಾಡಿ ಪಕ್ಕಕ್ಕೆ ಹಾಕಿಸಿದೆ. ಡ್ರೈವರು ಹಿಂದಿನಿಂದ ಹಳೆಯ ಖಾಲಿ ಸಿಲಿಂಡರು ಎಳೆದು, ಅದರ ವಾಷರು ಕಿತ್ತು ಇದಕ್ಕೆ ಹಾಕುವ ತನಕ ಹುಡುಗಿಗೆ ಗಾಳಿಯಿಲ್ಲ. ಅವಳ ತುಟಿ ನೀಲಿಗಟ್ಟಿದವು. ಬೆನ್ನ ಹಿಂದೆ ಕೈ ಕೊಟ್ಟು ಅರ್ಧ ಕೂರಿಸಿ, ಬೀಸಣಿಗೆಯಂತೆ ರಟ್ಟು ಬೀಸುತ್ತ ಕೂತೆ. ಬೆವರಿಗೆ ಕಣ್ಣು ಉರಿಯುತ್ತಿತ್ತು. ಮುಳ್ಳು ನಿಂತ ಮೇಲೆ ಲೆಕ್ಕ ಹಾಕಿದೆ. ಆಕ್ಸಿಜನ್ನನ್ನು ಈಗಿನ ವೇಗದಲ್ಲಿ ಬಿಟ್ಟರೆ ರಾಯದುರ್ಗದ ತನಕವಷ್ಟೇ. ಅದರ ವೇಗ ತಗ್ಗಿಸಿ, ಮಾರ್ಫಿನ್ ಸ್ವಲ್ಪ ಕೊಟ್ಟು ಏದುಸಿರು ಇಳಿಸಿದೆ. ಗಾಳಿ ಕಡಿಮೆಯಾದರೂ ಗಾಬರಿಯಾಗದ ಹಾಗೆ ನೋಡಿಕೊಳ್ಳುವುದಷ್ಟೇ ನನ್ನ ಕೈಯಲ್ಲಿತ್ತು.

ಆಮೇಲೆ ಮೂಗಿನಿಂದ ರಕ್ತ ಬಂತು. ಮುಂದಕ್ಕೆ ಬಾಗಿಸಿ ಮೂಗಿನ ಮೆದುಭಾಗ ಒತ್ತಿ ಹಿಡಿದೆ, ತಾಯಿ ಟವೆಲು ಬದಲಿಸುತ್ತ ಹೋದಳು. ಒಂದು ಒದ್ದೆಯಾಯಿತು, ಇನ್ನೊಂದು ಒದ್ದೆಯಾಯಿತು. ಪ್ಲೇಟ್‌ಲೆಟ್‌ಗೆ ಕಾಯದೆ ಕರೆದುಕೊಂಡು ಬಂದು ಈ ಮಗುವನ್ನು ನಾನೇ ಕೊಲ್ಲುತ್ತಿದ್ದೇನೆಯೇ ಎನಿಸಿತು. ಸೋರುವುದು ನಿಧಾನವಾಗಿ ತಗ್ಗಿತು.

"ರಾಯದುರ್ಗ ಬಂತಾ?" ಎಂದು ಹುಡುಗಿ ಕೇಳಿದಳು.

ತಾಯಿ ಅವಳ ತಲೆಯನ್ನು ಕಿಟಕಿಯ ಮಟ್ಟಕ್ಕೆ ಎತ್ತಿ ಹಿಡಿದಳು. ಊರ ಮೇಲಿನ ಕೋಟೆಯ ಬೆಟ್ಟ ಬಿಸಿಲಲ್ಲಿ ಬೋಳಾಗಿ ನಿಂತಿತ್ತು.

"ಬೆಟ್ಟ ಐತಿ" ಎಂದಳು. ಕಣ್ಣು ಮುಚ್ಚಿಕೊಂಡಳು.

ರಾಯದುರ್ಗ ದಾಟಿ ಗುಮ್ಮಘಟ್ಟದ ದಾರಿ ಹಿಡಿದ ಮೇಲೆ ಉಸಿರಿನ ನಡುವೆ ಬಿಡುವು ಬೀಳತೊಡಗಿತು. ಒಂದಿಷ್ಟು ಉಸಿರು, ಮತ್ತೆ ಏನೂ ಇಲ್ಲ, ಮತ್ತೆ ಒಂದು ದೀರ್ಘ ಉಸಿರು. ಕೊನೆಯ ಹೊತ್ತಿನ ಈ ಉಸಿರು ನನಗೆ ಚೆನ್ನಾಗಿ ಗೊತ್ತು. ಡ್ರೈವರಿಗೆ ಬೇಗ ಎನ್ನೋಣವೆಂದರೆ ರಸ್ತೆ ಗುಂಡಿ, ಕುಲುಕಿದರೆ ರಕ್ತ. ಜನ ತುಂಬಿಕೊಂಡ ಷೇರ್ ಆಟೋಗಳು ನಮಗೆ ದಾರಿ ಬಿಡುತ್ತಿದ್ದವು. ಒಂದು ಇಳಿಜಾರಿನಲ್ಲಿ ಕುರಿಹಿಂಡು ರಸ್ತೆ ತುಂಬ ಅಡ್ಡ ಬಂತು. ಡ್ರೈವರು ಹಾರನ್ ಒತ್ತಿದಷ್ಟೂ ಅವು ಮುದ್ದೆಗಟ್ಟಿಕೊಂಡವು. ಕುರಿ ಕಾಯುವವನು ಹೋಯ್ ಹೋಯ್ ಎನ್ನುತ್ತ ಓಡಾಡುತ್ತಿದ್ದ. ಗಾಡಿ ನಿಂತಿತ್ತು. ನಾನು ಅವಳ ಎದೆ ನೋಡುತ್ತ ಮುಂದಿನ ಉಸಿರಿಗೆ ಕಾದೆ. ಕಾದೆ. ಬರಲಿಲ್ಲ.

ಸ್ಟೆತಸ್ಕೋಪು ಇಟ್ಟು ಕೇಳಿದೆ. ಕಣ್ಣಿಗೆ ಟಾರ್ಚು ಬಿಟ್ಟೆ. ಏನೂ ಇರಲಿಲ್ಲ.

ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ನನಗೆ ಕಲಿಸಿದ್ದಾರೆ, ನಾನೂ ಬೇರೆಯವರಿಗೆ ಕಲಿಸಿದ್ದೇನೆ. ತಾಯಿಯ ಕೈ ಹಿಡಿದುಕೊಂಡು, ಸುತ್ತಿ ಬಳಸದೆ, ಮಗು ಹೋಯಿತು ಎಂದು ಹೇಳಬೇಕು. ಮಾತು ನಾಲಗೆಯ ತುದಿಗೆ ಬಂದಿತ್ತು. ಅವಳು ನನ್ನ ಕಡೆ ನೋಡುತ್ತಿರಲಿಲ್ಲ, ಮುಂದಿನ ಗಾಜಿನಾಚೆ ಕುರಿಗಳನ್ನೇ ನೋಡುತ್ತಿದ್ದಳು. ಅವು ಸರಿದು ದಾರಿಯಾದಾಗ, ಮಗಳ ಫ್ರಾಕನ್ನು ಮೊಣಕಾಲಿನ ಮೇಲೆ ಎಳೆದು ಸರಿಮಾಡಿ, "ಇನ್ನೇನು ಎರಡು ತಿರುವ್ರಿ, ಅಷ್ಟ" ಎಂದಳು.

ನನ್ನ ಕೈ ಪೆಟ್ಟಿಗೆಯೊಳಗೆ ಹೋಗಿ ಆಂಬು ಚೀಲ ತೆಗೆಯಿತು. ಮಾಸ್ಕನ್ನು ಆ ಸಣ್ಣ ಮುಖಕ್ಕೆ ಕೂರಿಸಿ, ಗದ್ದ ಎತ್ತಿ ಹಿಡಿದು ಹಿಸುಕಿದೆ. ಎದೆ ಎದ್ದಿತು, ಇಳಿಯಿತು. ಕನ್ನಡಿಯಲ್ಲಿ ಡ್ರೈವರು ನನ್ನನ್ನೇ ನೋಡುತ್ತಿದ್ದ. "ಏಮಕ್ಕಾ?" ಎಂದ, ಏನಾಯಿತೆಂದು. "ಪೋನಿಯ್ಯಿ ಅನ್ನಾ" ಎಂದೆ, ನಡೆಸು ಎಂದು. ಅವನು ಗೇರು ಬದಲಿಸಿದ.

ಯಾವುದನ್ನು ಮಾಡುವುದಿಲ್ಲವೆಂದು ಆ ತಾಯಿಗೆ ಕೂರಿಸಿಕೊಂಡು ಹೇಳಿದ್ದೆನೋ ಅದನ್ನೇ ಮಾಡುತ್ತಿದ್ದೆ. ಮಗುವಿಗೆ ಅದರಿಂದ ಏನೂ ಆಗುವಂತಿರಲಿಲ್ಲ, ಒಳ್ಳೆಯದೂ ಇಲ್ಲ, ನೋವೂ ಇಲ್ಲ. ಇದು ಸುಳ್ಳು ಎಂದು ನನಗೆ ತಿಳಿದಿತ್ತು. ನಾಚಿಕೆಯೂ ಆಯಿತು. ಆದರೂ ಬದುಕಿರುವ ಮಗುವಿಗೆ ಹೇಗೆ ಹಿಸುಕಬೇಕೋ ಹಾಗೇ, ಅವಸರವಿಲ್ಲದೆ, ಜೋರಿಲ್ಲದೆ ಹಿಸುಕುತ್ತ ಹೋದೆ. ಬೇರೆ ಥರ ಹಿಸುಕಲು ಕೈ ಒಪ್ಪಲಿಲ್ಲ.

ಬೇವಿನ ಮರದ ಕೆಳಗೆ ಜನ ನಿಂತಿದ್ದರು. ಹೆಗಲ ಮೇಲೆ ಕಂಬಳಿ ಹಾಕಿಕೊಂಡಿದ್ದ ಎತ್ತರದ ಮುದುಕ ಕೈಯೆತ್ತಿ ಗಾಡಿ ನಿಲ್ಲಿಸಿದ. ಅವನೇ ಎಂದು ಕೇಳದೆಯೇ ಗೊತ್ತಾಯಿತು. ಹಿಂದಿನ ಬಾಗಿಲು ತೆರೆಯಿತು. ಗುಂಪಿನಲ್ಲಿದ್ದ ಯಾರೋ, "ಉಸಿರೈತೇನ್ರಿ ಸಿಸ್ಟರ್?" ಎಂದರು.

ನಾನು ಕೈ ನಿಲ್ಲಿಸದೆ ಚೀಲ ಹಿಸುಕಿದೆ. ಅಜ್ಜ ಒಳಕ್ಕೆ ಬಗ್ಗಿ ಮೊಮ್ಮಗಳ ಪಾದ ಹಿಡಿದುಕೊಂಡ. ಹೆಬ್ಬೆರಳಿನಿಂದ ಅಂಗಾಲು ಸವರಿದ, ಹಿಮ್ಮಡಿಯ ಮೇಲೆ ಬೆರಳಿಟ್ಟ. ಹುಟ್ಟಿದಾಗಿನಿಂದ ಕುರಿಗಳ ನಡುವೆ ಬದುಕಿದ ಕೈ ಅದು. ಜೀವ ಇರುವ ಮೈ ಯಾವುದು, ಇಲ್ಲದ ಮೈ ಯಾವುದು ಎಂದು ಅದಕ್ಕೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮುಗಿಯಿತು, ಇಲ್ಲೇ ಇಳಿಸು ಎನ್ನುತ್ತಾನೆ ಎಂದುಕೊಂಡೆ. ಅವನು ತಲೆಯೆತ್ತಿ ನನ್ನ ಮುಖ ನೋಡಿದ, ಚೀಲ ಹಿಸುಕುತ್ತಿದ್ದ ಕೈ ನೋಡಿದ. ಸೊಸೆಯ ಕಡೆ ನೋಡಲಿಲ್ಲ. ಆಮೇಲೆ ಜನರ ಕಡೆ ತಿರುಗಿದ.

"ಉಸಿರೈತಿ. ದಾರಿ ಬಿಡ್ರಿ."

ಜನ ಎರಡು ಕಡೆ ಸರಿದರು. ಗಾಡಿ ಮನೆಯ ಮುಂದೆ ನಿಂತಾಗ ಅವನೇ ಕಂಬಳಿ ಬಿಚ್ಚಿ, ಅದರಲ್ಲಿ ಮಗುವನ್ನು ಸುತ್ತಿ ಎತ್ತಿಕೊಂಡ. ನಾನು ಮಾಸ್ಕು ಒತ್ತಿ ಹಿಡಿದು, ಹಿಸುಕುತ್ತ, ಅವನ ಹೆಜ್ಜೆಗೆ ಹೆಜ್ಜೆ ಹಾಕುತ್ತ ನಡೆದೆ. ಬಾಗಿಲು ಗಿಡ್ಡ. ಅವನು ಬಗ್ಗಿದ, ನಾನೂ ಬಗ್ಗಿದೆ. ಹೊಸ್ತಿಲು ದಾಟಿದೆವು. ನಡುಮನೆಯಲ್ಲಿ ಮಲಗಿಸಿ ಅಜ್ಜ ಹೊರಗೆ ಹೋಗಿ ಬಾಗಿಲು ಎಳೆದುಕೊಂಡ.

ಒಳಗೆ ನಾವು ಮೂವರೇ. ತಾಯಿ ಕೂತು ಮಗಳ ತಲೆ ತೊಡೆಯ ಮೇಲಿಟ್ಟುಕೊಂಡಳು. ನಾನು ಹಿಸುಕುತ್ತಲೇ ಇದ್ದೆ, ಹೇಗೆ ನಿಲ್ಲಿಸಬೇಕೆಂದು ತಿಳಿಯಲಿಲ್ಲ. ಅವಳು ಕೈ ಚಾಚಿ ನನ್ನ ಮಣಿಕಟ್ಟು ಹಿಡಿದುಕೊಂಡಳು.

"ಕುರಿ ಅಡ್ಡ ಬಂದಾಗ ಗೊತ್ತಾತ್ರಿ ನಂಗ. ಸಾಕ್ರಿ ಅಕ್ಕಾ, ಕೈ ಬಿಡ್ರಿ. ಮನಿ ಬಂತು."

ಚೀಲ ಕೆಳಗಿಟ್ಟೆ. ತೋಳಿನ ಸೂಜಿ ಹೊರಗೆ ತೆಗೆದೆ, ಅಭ್ಯಾಸಬಲದಿಂದ ಹತ್ತಿ ಒತ್ತಿ ಹಿಡಿದೆ. ಅಂಟಿಸಲು ಪ್ಲಾಸ್ಟರು ಹುಡುಕುತ್ತಿದ್ದಾಗ, ಹುಡುಗಿಯ ಫ್ರಾಕಿನ ಅಂಚಿಗೆ ಅವಳು ಯಾವಾಗಲೋ ಹರಿದು ಅಂಟಿಸಿಟ್ಟಿದ್ದ ತುಂಡೊಂದನ್ನು ತಾಯಿ ಬಿಡಿಸಿ ನನ್ನ ಕೈಗೆ ಕೊಟ್ಟಳು. ಅದನ್ನೇ ಹಾಕಿದೆ.